ಆಫ್ರಿಕಾಕ್ಕೆ ಹೋದ ‘ನಿಮಿಷಗಳ ಕಾರ್ಖಾನೆ’

‘ಉದಯೋನ್ಮುಖ ಮಾರುಕಟ್ಟೆ’ ಎಂಬ ಮಾತು ಬಜೆಟ್ ಭಾಷಣಗಳಲ್ಲೂ ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲೂ ನಿತ್ಯ ಕಾಣಿಸಿಕೊಳ್ಳುತ್ತದಾದರೂ ಅದು ಹುಟ್ಟಿದ್ದು ಅರ್ಥಶಾಸ್ತ್ರಜ್ಞರ ಚರ್ಚೆಯಿಂದಲ್ಲ, ಷೇರು ಮಾರುವವರ ಸಂಕೋಚದಿಂದ. ವಿಶ್ವಬ್ಯಾಂಕ್ ಸಮೂಹಕ್ಕೆ ಸೇರಿದ ಅಂತರರಾಷ್ಟ್ರೀಯ ಹಣಕಾಸು ನಿಗಮದಲ್ಲಿದ್ದ ಆಂಟ್ವಾನ್ ವಾನ್ ಆಗ್ಟ್‌ಮೇಲ್ ಎಂಬ ಡಚ್ ಮೂಲದ ಅಧಿಕಾರಿ, 1981ರಲ್ಲಿ ಬಡ ದೇಶಗಳ ಕಂಪನಿಗಳ ಷೇರುಗಳಲ್ಲಿ ಹಣ ತೊಡಗಿಸುವ ನಿಧಿಯೊಂದನ್ನು ಕಟ್ಟಲು ಹೊರಟಾಗ, ‘ತೃತೀಯ ಜಗತ್ತು’ ಎಂಬ ಹೆಸರು ಹೊತ್ತ ನಿಧಿಗೆ ಯಾರೂ ಹಣ ಹಾಕಲಾರರೆಂದು ಮನಗಂಡು ‘ಉದಯೋನ್ಮುಖ ಮಾರುಕಟ್ಟೆ’ ಎಂಬ ಪದವನ್ನು ಬಳಕೆಗೆ ತಂದರು. ಹೆಸರು ಬದಲಾದ ಮಾತ್ರಕ್ಕೆ ದೇಶಗಳು ಬದಲಾಗಲಿಲ್ಲ; ಆದರೆ ಬ್ರೆಜಿಲ್, ಭಾರತ, ನೈಜೀರಿಯಾ, ಕೆನ್ಯಾ, ಇಂಡೊನೇಷ್ಯಾದಂಥ ಒಂದಕ್ಕೊಂದು ಸಂಬಂಧವಿಲ್ಲದ ದೇಶಗಳೆಲ್ಲ ಒಂದೇ ಗೂಡಿಗೆ ಸೇರಿಹೋದವು. ಈ ಗೂಡು ಎಷ್ಟು ದೊಡ್ಡ ತಪ್ಪುಗ್ರಹಿಕೆಗೆ ಎಡೆಮಾಡಿಕೊಟ್ಟಿದೆ ಎಂಬುದನ್ನು ಪಶ್ಚಿಮದ ಕಂಪನಿಗಳ ಅನುಭವಕ್ಕಿಂತ ಚೆನ್ನಾಗಿ ತೋರಿಸುವುದು ಒಂದು ಭಾರತೀಯ ಕಂಪನಿಯ ಅನುಭವ.

ಅದಕ್ಕೆ ಮೊದಲು ಒಂದು ಪರಿಭಾಷೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಹಾರ್ವರ್ಡ್ ವಿಶ್ವವಿದ್ಯಾಲಯದ ವಾಣಿಜ್ಯ ಶಾಲೆಯ ಪ್ರಾಧ್ಯಾಪಕರಾದ ತರುಣ್ ಖನ್ನಾ ಮತ್ತು ಕೃಷ್ಣ ಪಾಲೆಪು ಅವರು 1997ರಿಂದೀಚೆಗೆ ಬರೆದ ಲೇಖನಗಳಲ್ಲಿ, ಇಂಥ ದೇಶಗಳನ್ನು ಗುರುತಿಸಬೇಕಾದದ್ದು ಅವುಗಳ ತಲಾ ಆದಾಯದಿಂದಲ್ಲ, ಅಲ್ಲಿ ಏನೇನು ಇಲ್ಲ ಎಂಬುದರಿಂದ ಎಂದು ವಾದಿಸಿದರು. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ವ್ಯವಹಾರವನ್ನು ಸಲೀಸುಗೊಳಿಸುವ ಏರ್ಪಾಟುಗಳು, ಎಂದರೆ ಸಾಲಗಾರನ ಹಿಂದಿನ ನಡತೆಯನ್ನು ಹೇಳುವ ದಾಖಲೆ, ತಕರಾರಿಲ್ಲದ ಪಹಣಿ, ಕರಾರು ಮುರಿದವನನ್ನು ಕೆಲವೇ ತಿಂಗಳಲ್ಲಿ ದಾರಿಗೆ ತರುವ ನ್ಯಾಯಾಲಯ, ಸರಕು ಹೊತ್ತ ಲಾರಿ ನಿಗದಿತ ದಿನಕ್ಕೆ ತಲುಪುವ ರಸ್ತೆ, ಇವು ಎಲ್ಲಿ ಇಲ್ಲವೋ ಅಥವಾ ಅರೆಬರೆಯಾಗಿವೆಯೋ ಆ ಸ್ಥಿತಿಯನ್ನು ಅವರು ‘ಸಾಂಸ್ಥಿಕ ಶೂನ್ಯ’ ಎಂದು ಕರೆದರು. ಶ್ರೀಮಂತ ದೇಶದ ಕಂಪನಿಗೆ ಇವೆಲ್ಲ ಗಾಳಿ ಬೆಳಕಿನ ಹಾಗೆ ತಾವಾಗಿಯೇ ಒದಗಿಬರುತ್ತವೆ. ಉದಯೋನ್ಮುಖ ದೇಶಕ್ಕೆ ಬಂದ ಕಂಪನಿ ತನ್ನ ವ್ಯಾಪಾರದ ಜತೆಗೆ ಇವುಗಳನ್ನೂ ಸ್ವಂತ ಖರ್ಚಿನಲ್ಲಿ ಕಟ್ಟಿಕೊಳ್ಳಬೇಕಾಗುತ್ತದೆ. ಈ ಶೂನ್ಯಗಳ ನಡುವೆಯೇ ಹುಟ್ಟಿ ಬೆಳೆದ ಕಂಪನಿಗೆ ಇನ್ನೊಂದು ಬಡ ದೇಶದಲ್ಲಿ ವ್ಯಾಪಾರ ಮಾಡುವುದು ಸುಲಭವಾಗಬೇಕು ಎಂಬುದು ಇದರಿಂದ ಸಹಜವಾಗಿ ಹೊರಡುವ ತೀರ್ಮಾನ. 2010ರಲ್ಲಿ ಭಾರತದ ಮೊಬೈಲ್ ಕಂಪನಿ ಭಾರ್ತಿ ಏರ್‌ಟೆಲ್ ಆಫ್ರಿಕಾಕ್ಕೆ ಹೋದದ್ದು ಇಂಥ ತೀರ್ಮಾನದ ಬಲದಿಂದಲೇ.

ಭಾರತದಲ್ಲಿ ಏರ್‌ಟೆಲ್ ಕಟ್ಟಿದ್ದ ವ್ಯವಸ್ಥೆ ಆಗ ಜಗತ್ತಿನ ವಾಣಿಜ್ಯ ಶಾಲೆಗಳಲ್ಲಿ ಪಾಠವಾಗಿತ್ತು. 2004ರಲ್ಲಿ ಕಂಪನಿಯು ತನ್ನ ಜಾಲದ ನಿರ್ವಹಣೆಯನ್ನು ಎರಿಕ್ಸನ್, ನೋಕಿಯಾದಂಥ ಯಂತ್ರ ಪೂರೈಸುವ ಕಂಪನಿಗಳಿಗೂ ಕಂಪ್ಯೂಟರ್ ವ್ಯವಸ್ಥೆಯನ್ನು ಐಬಿಎಂಗೂ ವಹಿಸಿಕೊಟ್ಟಿತು. ಯಂತ್ರಗಳನ್ನು ಮೊದಲೇ ಕೊಂಡು ಸಾಲ ಹೊರುವ ಬದಲು, ಬಳಕೆಯಾದ ಸಾಮರ್ಥ್ಯಕ್ಕೆ ತಕ್ಕಂತೆ ಹಣ ಕೊಡುವ ಒಪ್ಪಂದ ಮಾಡಿಕೊಂಡಿತು. 2007ರಲ್ಲಿ ವೊಡಾಫೋನ್ ಮತ್ತು ಐಡಿಯಾ ಕಂಪನಿಗಳ ಜತೆ ಸೇರಿ ಇಂಡಸ್ ಟವರ್ಸ್ ಸ್ಥಾಪಿಸಿದ್ದರಿಂದ, ಪೈಪೋಟಿಗಿಳಿದ ಮೂರು ಕಂಪನಿಗಳು ಒಂದೇ ಟವರಿನ ಬಾಡಿಗೆದಾರರಾದವು. ಹೀಗೆ ಖರ್ಚನ್ನೆಲ್ಲ ತೆಳುವಾಗಿ ಹರಡಿ, ಮಾತಿನ ನಿಮಿಷವನ್ನು ಬೆಂಕಿಪೊಟ್ಟಣದ ಹಾಗೆ ಅಗ್ಗವಾಗಿ ಕೋಟಿಗಟ್ಟಲೆ ತಯಾರಿಸುವ ಈ ಪದ್ಧತಿಯನ್ನು ಕಂಪನಿಯವರೇ ‘ನಿಮಿಷಗಳ ಕಾರ್ಖಾನೆ’ ಎನ್ನುತ್ತಿದ್ದರು. ಆದರೆ 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ 1 ಪೈಸೆಯ ದರ ತಂದ ಮೇಲೆ ಭಾರತದ ಮಾರುಕಟ್ಟೆಯಲ್ಲಿ ಲಾಭ ಸೊರಗತೊಡಗಿತು, ಏರ್‌ಟೆಲ್ ಬೇರೆ ನೆಲವನ್ನು ಹುಡುಕತೊಡಗಿತು. ದಕ್ಷಿಣ ಆಫ್ರಿಕಾದ ಮೊಬೈಲ್ ಕಂಪನಿ ಎಂಟಿಎನ್ ಜತೆ ಸೇರಿಕೊಳ್ಳಲು ಎರಡು ಸಲ ನಡೆದ ಮಾತುಕತೆ, ಎರಡನೆಯ ಸಲ ಅಲ್ಲಿನ ಸರ್ಕಾರ ತನ್ನ ದೇಶದ ಕಂಪನಿಯ ಗುರುತು ಅಳಿಯಬಾರದೆಂದು ಪಟ್ಟು ಹಿಡಿದದ್ದರಿಂದ, 2009ರ ಸೆಪ್ಟೆಂಬರಿನಲ್ಲಿ ಮುರಿದುಬಿತ್ತು. ಕೆಲವೇ ತಿಂಗಳಲ್ಲಿ ಕುವೈತಿನ ಝೈನ್ ಕಂಪನಿಯ 15 ಆಫ್ರಿಕನ್ ದೇಶಗಳ ಮೊಬೈಲ್ ವ್ಯವಹಾರವನ್ನು ಸಾಲವೂ ಸೇರಿ ಸುಮಾರು 1,070 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದವಾಗಿ, 2010ರ ಜೂನ್‌ನಲ್ಲಿ 4.2 ಕೋಟಿ ಗ್ರಾಹಕರು ಏರ್‌ಟೆಲ್‌ನ ತೆಕ್ಕೆಗೆ ಬಂದರು. ಈ ಜಾಲದ ಮೂಲ ಪುರುಷ ಸುಡಾನ್‌ನಲ್ಲಿ ಹುಟ್ಟಿದ ಮೊ ಇಬ್ರಾಹಿಂ. ಅವರು 1998ರಲ್ಲಿ ಆರಂಭಿಸಿದ ಸೆಲ್‌ಟೆಲ್ 2005ರಲ್ಲಿ ಕುವೈತಿನವರಿಗೆ 340 ಕೋಟಿ ಡಾಲರಿಗೆ ಮಾರಾಟವಾಗಿತ್ತು ಎಂಬುದನ್ನು ನೆನೆದರೆ, ಐದೇ ವರ್ಷದಲ್ಲಿ ಬೆಲೆ ಎಷ್ಟು ಏರಿತ್ತು ಎಂಬುದು ತಿಳಿಯುತ್ತದೆ.

ಏರ್‌ಟೆಲ್‌ನ ಲೆಕ್ಕ ಸರಳವಾಗಿತ್ತು. ದರ ಇಳಿಸಿದರೆ ಜನ ಹೆಚ್ಚು ಮಾತಾಡುತ್ತಾರೆ, ಹೆಚ್ಚು ಮಾತಾಡಿದರೆ ನಿಮಿಷದ ತಯಾರಿಕಾ ವೆಚ್ಚ ಇಳಿಯುತ್ತದೆ, ವೆಚ್ಚ ಇಳಿದರೆ ದರವನ್ನು ಇನ್ನೂ ಇಳಿಸಬಹುದು. ಬೆಲೆ ಇಳಿದಾಗ ಕೊಳ್ಳುವ ಪ್ರಮಾಣ ಎಷ್ಟು ಹಿಗ್ಗುತ್ತದೆ ಎಂಬುದನ್ನು ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಎನ್ನುತ್ತವೆ. ಭಾರತದಲ್ಲಿ ಅದು ರಬ್ಬರಿನ ಹಾಗೆ ಹಿಗ್ಗಿತ್ತು, ಆಫ್ರಿಕಾದಲ್ಲಿ ಹಾಗೆ ಹಿಗ್ಗಲಿಲ್ಲ. ಕೆನ್ಯಾದಲ್ಲಿ ಏರ್‌ಟೆಲ್ 2010ರ ಆಗಸ್ಟ್‌ನಲ್ಲಿ ಕರೆಯ ದರವನ್ನು ನಿಮಿಷಕ್ಕೆ 3 ಷಿಲಿಂಗಿಗೆ ಇಳಿಸಿದಾಗ ಮಾರುಕಟ್ಟೆಯ ಅಗ್ರಗಣ್ಯ ಕಂಪನಿ ಸಫಾರಿಕಾಂ ಕೂಡ ದರ ಇಳಿಸಿತು, ಗ್ರಾಹಕರು ಹಿಗ್ಗಿದರು, ಆದರೆ ಸಫಾರಿಕಾಂ ಬಿಟ್ಟು ಬಂದವರು ಕಡಿಮೆ. ಇದಕ್ಕೆ ಒಂದು ಕಾರಣ ಅಂತರ್‌ಸಂಪರ್ಕ ಶುಲ್ಕ, ಎಂದರೆ ಒಂದು ಕಂಪನಿಯ ಗ್ರಾಹಕ ಇನ್ನೊಂದರ ಗ್ರಾಹಕನಿಗೆ ಕರೆ ಮಾಡಿದಾಗ ಮೊದಲ ಕಂಪನಿ ಎರಡನೆಯದಕ್ಕೆ ತೆರಬೇಕಾದ ಹಣ. ಈ ಶುಲ್ಕ ಹೆಚ್ಚಿರುವಲ್ಲಿ ಹೆಚ್ಚು ಗ್ರಾಹಕರಿರುವ ಕಂಪನಿಯೊಳಗೇ ಮಾತಾಡಿಕೊಳ್ಳುವುದು ಅಗ್ಗ, ಆದ್ದರಿಂದ ಊರಿನ ಬಹುಪಾಲು ಜನ ಯಾವ ಸಿಮ್ ಇಟ್ಟುಕೊಂಡಿದ್ದಾರೋ ಹೊಸಬನೂ ಅದನ್ನೇ ಕೊಳ್ಳುತ್ತಾನೆ. ಭಾರತದ ನಿಯಂತ್ರಣ ಪ್ರಾಧಿಕಾರ ಈ ಶುಲ್ಕವನ್ನು ಮೊದಲಿನಿಂದಲೂ ಕೆಳಗಿಟ್ಟಿದ್ದರಿಂದ ಹಲವು ಕಂಪನಿಗಳು ಸಮಾನ ನೆಲದ ಮೇಲೆ ಹೋರಾಡಿದ್ದವು. ತಾನು ಗೆದ್ದದ್ದರಲ್ಲಿ ಈ ನಿಯಮದ ಪಾಲೂ ಇತ್ತೆಂಬುದನ್ನು ಏರ್‌ಟೆಲ್ ಗಡಿ ದಾಟಿದ ಮೇಲೆ ಕಂಡುಕೊಂಡಂತಿದೆ.

ವಿದ್ಯುತ್ತಿನ ಕತೆ ಇನ್ನೂ ಕಠಿಣ. ಇಪ್ಪತ್ತು ಕೋಟಿಗೂ ಹೆಚ್ಚು ಜನರಿರುವ ನೈಜೀರಿಯಾದ ರಾಷ್ಟ್ರೀಯ ಜಾಲದಲ್ಲಿ ಸಾಮಾನ್ಯವಾಗಿ ಹರಿಯುವುದು ನಾಲ್ಕೈದು ಸಾವಿರ ಮೆಗಾವಾಟ್. ಏಳು ಕೋಟಿಯಷ್ಟು ಜನರಿರುವ ಕರ್ನಾಟಕದ ಬೇಡಿಕೆಯೊಂದೇ 2024ರ ಬೇಸಿಗೆಯಲ್ಲಿ 17 ಸಾವಿರ ಮೆಗಾವಾಟ್ ದಾಟಿತ್ತು. ಲೋಡ್ ಶೆಡ್ಡಿಂಗ್ ಎಂಬುದು ಭಾರತದ ಕಂಪನಿಗೆ ಹೊಸತಲ್ಲ, ಇಲ್ಲಿಯೂ ಹಳ್ಳಿಯ ಟವರುಗಳು ಡೀಸೆಲ್ ಕುಡಿದೇ ಬದುಕಿದ್ದವು. ಆದರೆ ಅಲ್ಲಿ ಕರೆಂಟು ಕೈಕೊಡುವುದಲ್ಲ, ಎಷ್ಟೋ ಟವರುಗಳ ಮಟ್ಟಿಗೆ ಅದು ಇಲ್ಲವೇ ಇಲ್ಲ. ಅಂಥ ಟವರಿನ ಬುಡದಲ್ಲಿ ತಂತಿಬೇಲಿಯೊಳಗೆ ಒಂದು ಕೆಟ್ಟರೆ ಇನ್ನೊಂದಿರಲೆಂದು ಎರಡು ಜನರೇಟರ್‌ಗಳು, ಬ್ಯಾಟರಿಗಳ ಸಾಲು, ಬೀಗ ಹಾಕಿದ ಡೀಸೆಲ್ ಟ್ಯಾಂಕು, ಆ ಡೀಸೆಲನ್ನು ಕದಿಯದಂತೆ ಕಾಯಲು ಹಗಲಿಗೊಬ್ಬ ಇರುಳಿಗೊಬ್ಬ ಕಾವಲುಗಾರ, ಮಳೆಗಾಲದಲ್ಲಿ ಕೆಸರು ರಸ್ತೆಯಲ್ಲಿ ಹೂತುಕೊಳ್ಳುವ ಟ್ಯಾಂಕರ್ ಲಾರಿ, ಇವೆಲ್ಲವೂ ಒಂದು ನಿಮಿಷದ ಮಾತಿನ ಬೆಲೆಯೊಳಗೆ ಸೇರಿಕೊಳ್ಳುತ್ತವೆ. ಮೊಬೈಲ್ ಕಂಪನಿ ಹೀಗೆ ತನಗೆ ತಾನೇ ವಿದ್ಯುತ್ ಕಂಪನಿಯೂ ಆಗಬೇಕಾಗುತ್ತದೆ. ಸಾಂಸ್ಥಿಕ ಶೂನ್ಯವೆಂಬ ಗ್ರಂಥದ ಮಾತಿಗೆ ಇದಕ್ಕಿಂತ ಕಣ್ಣಿಗೆ ಕಾಣುವ ಉದಾಹರಣೆ ಬೇಕಿಲ್ಲ. ಕೊನೆಗೆ 2014ರಿಂದೀಚೆಗೆ ಏರ್‌ಟೆಲ್ ತನ್ನ ಸಾವಿರಾರು ಆಫ್ರಿಕನ್ ಟವರುಗಳನ್ನು ಟವರ್ ನಡೆಸುವುದನ್ನೇ ಕಸುಬಾಗಿಸಿಕೊಂಡ ಕಂಪನಿಗಳಿಗೆ ಮಾರಿ, ಅವುಗಳಲ್ಲೇ ಬಾಡಿಗೆಗೆ ಉಳಿಯಿತು.

ಹೆಸರಿನ ಸಮಸ್ಯೆಯೂ ಇತ್ತು. 2001ರಲ್ಲಿ ಎಕೊನೆಟ್ ಎಂದು ಶುರುವಾದ ನೈಜೀರಿಯಾದ ಕಂಪನಿ ಒಡೆತನವೋ ಆಡಳಿತವೋ ಬ್ರಾಂಡೋ ಬದಲಾದ ಹಾಗೆಲ್ಲ ವೊಡಾಕಾಂ, ವಿಮೊಬೈಲ್, ಸೆಲ್‌ಟೆಲ್, ಝೈನ್ ಎಂದಾಗಿ ಏರ್‌ಟೆಲ್ ಎಂದಾಗುವಷ್ಟರಲ್ಲಿ ಅಲ್ಲಿನ ಗ್ರಾಹಕ ಹತ್ತು ವರ್ಷದಲ್ಲಿ ಆರು ಹೆಸರು ಕಂಡಿದ್ದ. ಹಳೆಯ ಪಾಲುದಾರರು ಹೂಡಿದ ಷೇರು ವ್ಯಾಜ್ಯವೂ ಕೊಂಡ ಆಸ್ತಿಯ ಜತೆಗೇ ಬಂದಿತ್ತು.

ಭಾರತದ ಪಾಠ ಆಫ್ರಿಕಾದಲ್ಲಿ ನಡೆಯಲಿಲ್ಲ ಎಂದಮಾತ್ರಕ್ಕೆ ಆಫ್ರಿಕಾದ ಪಾಠ ಭಾರತದಲ್ಲಿ ನಡೆಯಿತೆಂದಲ್ಲ. 2007ರ ಮಾರ್ಚಿನಲ್ಲಿ ಸಫಾರಿಕಾಂ ಆರಂಭಿಸಿದ ಎಂ-ಪೆಸಾ, ಮೊಬೈಲ್ ಮೂಲಕ ಹಣ ಕಳಿಸುವ ವ್ಯವಸ್ಥೆಗಳಲ್ಲಿ ಜಗತ್ತಿನಲ್ಲೇ ಹೆಚ್ಚು ಹೆಸರಾದದ್ದು. ಪೆಸಾ ಎಂದರೆ ಸ್ವಾಹಿಲಿಯಲ್ಲಿ ಹಣ. ಅದು ಪೈಸೆಯ ನೆಂಟ. ನೈರೋಬಿಯ ಬೀದಿಬದಿಯಲ್ಲಿ ಹಸಿರು ಬಣ್ಣ ಬಳಿದ ಪುಟ್ಟ ಗೂಡಂಗಡಿಗೆ ಬಂದ ಕೂಲಿಯವನು ತನ್ನ ರಾಷ್ಟ್ರೀಯ ಗುರುತಿನ ಚೀಟಿ ತೋರಿಸಿ ನೋಟುಗಳನ್ನು ಕೊಡುತ್ತಾನೆ, ಏಜೆಂಟ್ ಅದನ್ನು ದಾಖಲಿಸಿಕೊಂಡು ತನ್ನ ಫೋನಿನಲ್ಲಿರುವ ಹಣವನ್ನು ಅವನ ಫೋನಿಗೆ ವರ್ಗಾಯಿಸುತ್ತಾನೆ, ಇಬ್ಬರಿಗೂ ಸಂದೇಶ ಬರುತ್ತದೆ. ಅದನ್ನು ಅವನು ಊರಿನ ತಾಯಿಗೆ ಕಳಿಸಿದರೆ ಆಕೆ ಅಲ್ಲಿನ ಇಂಥದೇ ಅಂಗಡಿಯಲ್ಲಿ ನೋಟುಗಳನ್ನು ಪಡೆಯುತ್ತಾಳೆ. ಏಜೆಂಟನ ಜಾಣತನವೆಲ್ಲ ಇರುವುದು ಗಲ್ಲಾಪೆಟ್ಟಿಗೆಯ ನೋಟು ಮತ್ತು ಫೋನಿನಲ್ಲಿನ ಹಣ, ಎರಡೂ ಮುಗಿಯದಂತೆ ನೋಡಿಕೊಳ್ಳುವುದರಲ್ಲಿ. ಹಳ್ಳಿಗಳಲ್ಲಿ ಬ್ಯಾಂಕ್ ಶಾಖೆಗಳಿಲ್ಲದಿದ್ದುದು, ಬಹುಪಾಲು ಜನರ ಕೈಯಲ್ಲಿ ಒಂದೇ ಕಂಪನಿಯ ಸಿಮ್ ಇದ್ದುದು, ಗುರುತಿನ ಚೀಟಿ ಬಹುತೇಕ ವಯಸ್ಕರಲ್ಲಿ ಇದ್ದುದು, ಕೆನ್ಯಾದ ಕೇಂದ್ರ ಬ್ಯಾಂಕ್ ಅಡ್ಡಗಾಲು ಹಾಕದೆ ಮೊದಲು ನಡೆಯಲಿ, ನೋಡೋಣ ಎಂದದ್ದು, ಈ ನಾಲ್ಕೂ ಒಂದೇ ಕಾಲಕ್ಕೆ ಕೂಡಿಬಂದದ್ದು ಎಂ-ಪೆಸಾದ ಗೆಲುವಿನ ಗುಟ್ಟು.

ಸಫಾರಿಕಾಂನಲ್ಲಿ ಪಾಲು ಹೊಂದಿರುವ ವೊಡಾಫೋನ್ ಅದೇ ಎಂ-ಪೆಸಾವನ್ನು 2013ರಲ್ಲಿ ಭಾರತಕ್ಕೆ ತಂದಿತು, 2019ರಲ್ಲಿ ಮುಚ್ಚಿತು. ದಕ್ಷಿಣ ಆಫ್ರಿಕಾದಲ್ಲಿ 2010ರಲ್ಲಿ ಆರಂಭವಾದದ್ದು 2016ರಲ್ಲೇ ಮುಗಿದಿತ್ತು. ದಕ್ಷಿಣ ಆಫ್ರಿಕಾದಲ್ಲಿ ಬ್ಯಾಂಕುಗಳು ಆಗಲೇ ಜನರನ್ನು ತಲುಪಿದ್ದವು, ಭಾರತದಲ್ಲಿ ರಿಸರ್ವ್ ಬ್ಯಾಂಕ್ ಹಣದ ವ್ಯವಹಾರ ಬ್ಯಾಂಕುಗಳ ಕೈಯಲ್ಲೇ ಇರಬೇಕೆಂದು ಬಯಸಿತು. 2014ರ ಜನಧನ ಖಾತೆಗಳೂ 2016ರ ಯುಪಿಐ ವ್ಯವಸ್ಥೆಯೂ ಬಂದ ಮೇಲಂತೂ ಮೊಬೈಲ್ ಕಂಪನಿಯ ಏಜೆಂಟನ ಅಗತ್ಯವೇ ಉಳಿಯಲಿಲ್ಲ. ಶೂನ್ಯ ಇರುವಲ್ಲಿ ಅದನ್ನು ತುಂಬುವವನಿಗೆ ಲಾಭವಿದೆ, ಆದರೆ ಸರ್ಕಾರವೇ ಅದನ್ನು ಉಚಿತವಾಗಿ ತುಂಬಿಬಿಟ್ಟರೆ ಕಂಪನಿಯ ಬಂಡವಾಳ ನೀರಿನಲ್ಲಿ ಹೋಮ ಮಾಡಿದಂತೆ.

ಇಂಥ ದೇಶಗಳಲ್ಲಿ ವ್ಯಾಪಾರ ಮಾಡುವವರ ನಿದ್ದೆಗೆಡಿಸುವ ಸಂಗತಿ ಗ್ರಾಹಕನಲ್ಲ, ಪ್ರತಿಸ್ಪರ್ಧಿಯೂ ಅಲ್ಲ, ಕರೆನ್ಸಿ. ಏರ್‌ಟೆಲ್ ಗಳಿಸುವುದು ನೈರಾ, ಕ್ವಾಚಾ, ಷಿಲಿಂಗುಗಳಲ್ಲಿ. ಯಂತ್ರಗಳಿಗೆ ಹಣ ಕೊಡಬೇಕಾಗಿದ್ದದ್ದು, ಸಾಲ ತೀರಿಸಬೇಕಾಗಿದ್ದದ್ದು ಹಲವು ವರ್ಷ ಬಹುಮಟ್ಟಿಗೆ ಡಾಲರಿನಲ್ಲಿ. ಸ್ಥಳೀಯ ಹಣದ ಬೆಲೆ ಕುಸಿದಾಗ, ಒಬ್ಬ ಗ್ರಾಹಕನನ್ನೂ ಕಳೆದುಕೊಳ್ಳದೆ, ಒಂದು ಟವರೂ ಕೆಡದೆ, ಕಂಪನಿ ನಷ್ಟಕ್ಕೆ ಬೀಳುತ್ತದೆ. ವಿನಿಮಯ ದರದ ಅಪಾಯ ಎನ್ನುವುದು ಇದನ್ನೇ. 2023ರ ಜೂನ್‌ನಲ್ಲಿ ನೈಜೀರಿಯಾ ಸರ್ಕಾರ ಕೃತಕವಾಗಿ ಹಿಡಿದಿಟ್ಟಿದ್ದ ವಿನಿಮಯ ದರವನ್ನು ಸಡಿಲಿಸಿದ ಮೇಲೆ, ಡಾಲರಿಗೆ 460ರ ಆಸುಪಾಸಿನಲ್ಲಿದ್ದ ನೈರಾ 2024ರ ಮಾರ್ಚ್ ಹೊತ್ತಿಗೆ 1,300ಕ್ಕೆ ಇಳಿಯಿತು. 2023ರ ನವೆಂಬರಿನಲ್ಲಿ ಮಲಾವಿ ದೇಶವೂ ತನ್ನ ಕ್ವಾಚಾದ ಬೆಲೆ ತಗ್ಗಿಸಿತು. ಆ ಹಣಕಾಸು ವರ್ಷದಲ್ಲಿ 15 ಕೋಟಿಗೂ ಹೆಚ್ಚು ಗ್ರಾಹಕರಿದ್ದ ಏರ್‌ಟೆಲ್ ಆಫ್ರಿಕಾ 8.9 ಕೋಟಿ ಡಾಲರ್ ನಷ್ಟ ತೋರಿಸಿತು. ಹಣದ ಬೆಲೆ ಉಳಿದರೂ ಅದನ್ನು ದೇಶದಿಂದಾಚೆ ಒಯ್ಯಲು ಡಾಲರ್ ಸಿಗಬೇಕಲ್ಲ; ಟಿಕೆಟ್ ಮಾರಿ ಬಂದ ನೈರಾವನ್ನು ಡಾಲರಾಗಿಸಿ ಸಾಗಿಸಲಾಗದೆ ದುಬೈನ ಎಮಿರೇಟ್ಸ್ ವಿಮಾನ ಸಂಸ್ಥೆ 2022ರಲ್ಲಿ ನೈಜೀರಿಯಾದ ಹಾರಾಟವನ್ನೇ ನಿಲ್ಲಿಸಿ, ಎರಡು ವರ್ಷದ ಮೇಲೆ ಮರಳಿತು.

ಸರ್ಕಾರಗಳ ನಡೆಯನ್ನು ಮೊದಲೇ ಊಹಿಸುವುದು ಇನ್ನೂ ಕಷ್ಟ. ನೋಂದಣಿಯಾಗದ 51 ಲಕ್ಷ ಸಿಮ್‌ಗಳನ್ನು ಸಮಯಕ್ಕೆ ಕಡಿತಗೊಳಿಸಲಿಲ್ಲವೆಂದು ನೈಜೀರಿಯಾ 2015ರಲ್ಲಿ ಎಂಟಿಎನ್ ಮೇಲೆ ಹೊರಿಸಿದ ದಂಡ 520 ಕೋಟಿ ಡಾಲರ್. ಮುಂದಿನ ವರ್ಷ ರಾಜಿಯಾಗಿ ಅದು 33,000 ಕೋಟಿ ನೈರಾಗೆ ಇಳಿಯಿತು. ತಾಂಜಾನಿಯಾದ ಅಧ್ಯಕ್ಷ ಜಾನ್ ಮಗುಫುಲಿ 2017ರಲ್ಲಿ ಏರ್‌ಟೆಲ್ ತಾಂಜಾನಿಯಾ ವಾಸ್ತವವಾಗಿ ಸರ್ಕಾರಿ ದೂರವಾಣಿ ಸಂಸ್ಥೆಯ ಸ್ವತ್ತೆಂದು ಘೋಷಿಸಿದರು; 2019ರ ಒಪ್ಪಂದದಂತೆ ಅದರಲ್ಲಿ ಸರ್ಕಾರದ ಪಾಲು ಶೇ 40ರಿಂದ ಶೇ 49ಕ್ಕೆ ಏರಿತು. ಇದನ್ನೆಲ್ಲ ಓದಿ ಆಫ್ರಿಕಾದ ಕಡೆಗೆ ಬೆರಳು ತೋರಿಸುವ ಮೊದಲು ಭಾರತೀಯ ಓದುಗರು ಒಂದು ವಿಷಯ ನೆನೆಯಬೇಕು: ವೊಡಾಫೋನ್ 2007ರಲ್ಲಿ ಭಾರತದ ಹಚಿಸನ್ ವ್ಯವಹಾರವನ್ನು ಕೊಂಡದ್ದಕ್ಕೆ ಕೇಳಿದ ಸುಮಾರು 11,000 ಕೋಟಿ ರೂಪಾಯಿ ತೆರಿಗೆ ಸಲ್ಲದೆಂದು 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಕೆಲವೇ ತಿಂಗಳಲ್ಲಿ, ಹಿಂದಿನ ವ್ಯವಹಾರಗಳಿಗೂ ತಾಗುವಂತೆ ಕಾನೂನನ್ನೇ ತಿದ್ದಿದ್ದು ಭಾರತದ ಸಂಸತ್ತು. ಆ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳಲು 2021 ಬರಬೇಕಾಯಿತು.

ರಾಜಧಾನಿಯ ಪರವಾನಗಿ ಊರಿನ ಒಪ್ಪಿಗೆಯಲ್ಲ ಎಂಬ ಪಾಠವನ್ನು ವಿದೇಶಿ ಕಂಪನಿಗಳಿಗೆ ಕಲಿಸಿದವರಲ್ಲಿ ಕರ್ನಾಟಕದ ರೈತರೂ ಇದ್ದಾರೆ. ಆರ್ಥಿಕ ಉದಾರೀಕರಣದ ಮೊದಲ ವರ್ಷಗಳಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ಬಿತ್ತನೆ ಬೀಜದ ವ್ಯವಹಾರಕ್ಕೆ ಇಳಿದಿದ್ದ ಅಮೆರಿಕದ ಕಾರ್ಗಿಲ್ ಕಂಪನಿಯ ಬೆಂಗಳೂರು ಕಚೇರಿಗೆ 1992ರ ಡಿಸೆಂಬರಿನಲ್ಲಿ ನುಗ್ಗಿ ಕಡತಗಳನ್ನು ಸುಟ್ಟರು, 1993ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಕಟ್ಟುತ್ತಿದ್ದ ಅದರ ಘಟಕವನ್ನು ಕೆಡವಿದರು. 1995ರಲ್ಲಿ ಬೆಂಗಳೂರಿನಲ್ಲಿ ತೆರೆದ ಕೆಎಫ್‌ಸಿ ಅಂಗಡಿಯ ಪರವಾನಗಿಯನ್ನು ನಗರ ಪಾಲಿಕೆ ಅಜಿನೊಮೊಟೊ ಪ್ರಮಾಣದ ನೆಪದಲ್ಲಿ ರದ್ದು ಮಾಡಿತು, ಹೈಕೋರ್ಟ್ ಮತ್ತೆ ತೆರೆಸಿತು, 1996ರ ಜನವರಿಯಲ್ಲಿ ರೈತ ಸಂಘದವರು ಅಂಗಡಿಯ ಮೇಲೆ ದಾಳಿ ಮಾಡಿದರು. ಬೀಜದ ಹಕ್ಕು ಯಾರದೆಂಬ ಅವರ ಪ್ರಶ್ನೆ ಆಸ್ತಿ ಒಡೆದ ರೀತಿಗಿಂತ ದೊಡ್ಡದಾಗಿತ್ತು ಎಂಬುದನ್ನು ಅವರನ್ನು ಒಪ್ಪದವರೂ ಅಲ್ಲಗಳೆಯಲಾರರು. ದೆಹಲಿಯ ಸಚಿವಾಲಯದಲ್ಲಿ ಮುದ್ರೆ ಒತ್ತಿಸಿಕೊಂಡು ಬಂದ ಕಂಪನಿ ಬಳ್ಳಾರಿಯ ಹೊಲದವನೊಂದಿಗೆ ಮಾತಾಡಿದಂತೆ ಕಾಣದು.

ಆಫ್ರಿಕಾದಲ್ಲಿ ಹಲವು ವರ್ಷ ನಷ್ಟ ಹೊತ್ತ ಏರ್‌ಟೆಲ್ ಕೊನೆಗೂ ನಿಂತದ್ದು ಭಾರತದಿಂದ ಒಯ್ದ ಸೂತ್ರದಿಂದಲ್ಲ, ಅಲ್ಲಿಯೇ ಕಲಿತ ಸೂತ್ರದಿಂದ. ನಿಮಿಷಗಳ ಮಾರಾಟಕ್ಕಿಂತ ಡೇಟಾ ಮತ್ತು ಏರ್‌ಟೆಲ್ ಮನಿ ಎಂಬ ಹಣ ವರ್ಗಾವಣೆಯ ವ್ಯವಹಾರ ಕೈಹಿಡಿದವು. ಕೆನ್ಯಾದಲ್ಲಿ ಎಂ-ಪೆಸಾದ ಎದುರು ತಲೆಯೆತ್ತದ ಏರ್‌ಟೆಲ್ ಮನಿ, ಉಗಾಂಡಾ, ಜಾಂಬಿಯಾ, ಮಲಾವಿಗಳಲ್ಲಿ ಗೂಡಂಗಡಿ ಗೂಡಂಗಡಿಯಾಗಿ ಬೆಳೆಯಿತು. 2021ರಲ್ಲಿ ಟಿಪಿಜಿ ಹೂಡಿಕೆ ಸಂಸ್ಥೆಯ ನಿಧಿ 20 ಕೋಟಿ ಡಾಲರನ್ನೂ ಮಾಸ್ಟರ್‌ಕಾರ್ಡ್ 10 ಕೋಟಿ ಡಾಲರನ್ನೂ ಅದರಲ್ಲಿ ತೊಡಗಿಸಿದಾಗ ಆ ಒಂದು ವ್ಯವಹಾರದ ಬೆಲೆಯೇ 265 ಕೋಟಿ ಡಾಲರೆಂದು ನಿಗದಿಯಾಗಿತ್ತು. ಅದಕ್ಕೂ ಮೊದಲು, 2019ರಲ್ಲಿ, ಏರ್‌ಟೆಲ್ ಆಫ್ರಿಕಾದ ಷೇರುಗಳು ಲಂಡನ್ ಷೇರುಪೇಟೆಗೆ ಬಂದಿದ್ದವು. 2010ರಲ್ಲಿ ಕೊಂಡ 15 ದೇಶಗಳಿಗೆ ಆಮೇಲೆ ಸೀಶೆಲ್ಸ್ ಮತ್ತು ರುವಾಂಡಾ ಸೇರಿದವು. ಬುರ್ಕಿನಾ ಫಾಸೊ ಮತ್ತು ಸಿಯೆರಾ ಲಿಯೋನ್‌ಗಳ ವ್ಯವಹಾರವನ್ನು 2016ರಲ್ಲಿ ಫ್ರಾನ್ಸಿನ ಆರೆಂಜ್ ಕಂಪನಿ ಕೊಂಡಿತು. ಟಿಗೊ ಕಂಪನಿಯೊಂದಿಗೆ ವಿಲೀನಗೊಳಿಸಿಯೂ ಮೇಲೇಳದ ಘಾನಾದ ವ್ಯವಹಾರವನ್ನು 2021ರಲ್ಲಿ ಆ ದೇಶದ ಸರ್ಕಾರ ಹೆಸರಿಗಷ್ಟೇ ಒಂದು ಬೆಲೆ ಕೊಟ್ಟು ತನ್ನದಾಗಿಸಿಕೊಂಡಿತು. ಉಳಿದಿರುವುದು 14 ದೇಶಗಳು.